ಲೆಕ್ಕಕ್ಕೆ ಸಿಗದ ನಷ್ಟ: ಉತ್ತರ ಕರ್ನಾಟಕದ ಹೊಲಗಳಿಂದ ಹರಿದುಹೋಗುತ್ತಿರುವ ಮೇಲ್ಮಣ್ಣು

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಯನ್ನು ಉತ್ತರ ಕರ್ನಾಟಕದ ಜನ ಇನ್ನೂ ಮರೆತಿಲ್ಲ. ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮನೆಗಳು ಕುಸಿದವು. ನದಿತೀರದ ಹಲವು ಊರುಗಳನ್ನೇ ಸ್ಥಳಾಂತರಿಸಬೇಕಾಯಿತು. ಮನೆ ಕಳೆದುಕೊಂಡವರಿಗಾಗಿ ‘ಆಸರೆ’ ಯೋಜನೆ ರೂಪುಗೊಂಡಿತು, ಬೆಳೆ ಹಾನಿಯ ಸಮೀಕ್ಷೆ ನಡೆದು ಪರಿಹಾರವೂ ಘೋಷಣೆಯಾಯಿತು. ಆದರೆ ಆ ಐದಾರು ದಿನಗಳಲ್ಲಿ ಹೊಲಗಳಿಂದ ಹೊರಟುಹೋದ ಮಣ್ಣಿನ ಬಗ್ಗೆ ಯಾವ ಕಚೇರಿಯ ಕಡತದಲ್ಲೂ ಸಾಲೊಂದು ಬೀಳಲಿಲ್ಲ.

ಅದನ್ನು ಲೆಕ್ಕ ಹಾಕಿದವರು ಮಣ್ಣು ವಿಜ್ಞಾನಿಗಳು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ ಹಾಗೂ ಬಳ್ಳಾರಿಯ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ತಜ್ಞರು ಸೇರಿ ನಡೆಸಿದ ಅಂದಾಜು 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೆರೆಪೀಡಿತ 13 ಜಿಲ್ಲೆಗಳಿಂದ ಕೊಚ್ಚಿಹೋದ ಮೇಲ್ಮಣ್ಣು ಸುಮಾರು 28.7 ಕೋಟಿ ಟನ್; ಅದರೊಂದಿಗೆ ಹೋದ ಸಸ್ಯಪೋಷಕಾಂಶಗಳು ಸುಮಾರು 8 ಲಕ್ಷ ಟನ್. ಹತ್ತು ಟನ್ ಹೊರುವ ಲಾರಿಗಳಿಗೆ ಈ ಮಣ್ಣನ್ನು ತುಂಬಿದರೆ 2 ಕೋಟಿ 87 ಲಕ್ಷ ಲೋಡುಗಳಾಗುತ್ತವೆ. ಕೋಟಿ ಹೆಕ್ಟೇರಿಗೂ ಮಿಕ್ಕ ಆ ಪ್ರದೇಶದ ಮೇಲೆ ಇದನ್ನು ಸಮನಾಗಿ ಹಂಚಿದರೆ ಹೆಕ್ಟೇರಿಗೆ 25 ಟನ್ನಿಗೂ ಹೆಚ್ಚು, ದಪ್ಪದಲ್ಲಿ ಸುಮಾರು 2 ಮಿ.ಮೀ.

ಎರಡು ಮಿಲಿಮೀಟರ್! ಬರಿಗಣ್ಣಿಗೆ ಕಾಣುವಂಥದ್ದೇ ಅಲ್ಲ. ನೆರೆ ಇಳಿದ ಮೇಲೆ ಹೊಲಕ್ಕೆ ಬಂದ ರೈತನಿಗೆ ಬಿದ್ದ ಬೆಳೆ ಕಾಣುತ್ತದೆ, ಒಡೆದ ಬದು ಕಾಣುತ್ತದೆ. ಹೋದ ಮಣ್ಣು ಕಾಣುವುದಿಲ್ಲ. ಸಮಸ್ಯೆಯ ಮೂಲವಿರುವುದು ಇಲ್ಲಿಯೇ.

ನೆಲದ ಮೇಲಿನ ಆರಿಂಚು

ಬಂಡೆ ಶಿಥಿಲಗೊಂಡು ಮಣ್ಣಾಗುವ ಪ್ರಕ್ರಿಯೆ ಬಹು ನಿಧಾನವಾದುದು. ಒಂದಿಂಚು ಮಣ್ಣು ರೂಪುಗೊಳ್ಳಲು ಹಲವು ನೂರು ವರ್ಷಗಳು ಬೇಕು. ಬೆಳೆಯ ಬಹುಪಾಲು ಬೇರುಗಳು, ಸೂಕ್ಷ್ಮಜೀವಿಗಳು, ಎರೆಹುಳುಗಳು, ಕೊಳೆತ ಎಲೆ-ಕೂಳೆಗಳ ಅಂಶ ಇವೆಲ್ಲ ನೆಲೆಸಿರುವುದು ಮೇಲಿನ ಆರಿಂಚಿನಲ್ಲಿ. ಒಂದು ಹೆಕ್ಟೇರಿನ ಆರಿಂಚು ಮಣ್ಣಿನ ತೂಕ ಸ್ಥೂಲವಾಗಿ 2,000 ಟನ್. ಅದರಲ್ಲಿ ಸಾವಯವ ಇಂಗಾಲ ಶೇ 0.5 ಇದ್ದರೆ ಇಡೀ ಹೆಕ್ಟೇರಿಗೆ ಇರುವ ಇಂಗಾಲ 10 ಟನ್ ಮಾತ್ರ. ಶೇ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75ಕ್ಕಿಂತ ಹೆಚ್ಚಿದ್ದರೆ ‘ಅಧಿಕ’ ಎಂದು ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ವರ್ಗೀಕರಿಸುತ್ತವೆ. ಒಣಬೇಸಾಯದ ಹೊಲಗಳು ಸಾಮಾನ್ಯವಾಗಿ ಮೊದಲ ವರ್ಗಕ್ಕೇ ಸೇರುತ್ತವೆ.

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು, ಬಳ್ಳಾರಿ ಭಾಗದ ಎರೆಭೂಮಿಯಲ್ಲಿ ಮಣ್ಣಿನ ಆಳಕ್ಕೆ ಮತ್ತೊಂದು ಅರ್ಥವೂ ಇದೆ. ಇಲ್ಲಿಯ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಗಳು ಬಿತ್ತಿದ ಮೇಲೆ ಬೀಳುವ ಮಳೆಯನ್ನು ನಂಬಿದವಲ್ಲ. ನೆಲದೊಳಗೆ ಈಗಾಗಲೇ ಇಂಗಿರುವ ತೇವವನ್ನು ನಂಬಿದವು. ಒಂದು ಮೀಟರ್ ಆಳದ ಎರೆಮಣ್ಣು ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ದೊರಕುವಂತೆ ಹಿಡಿದಿಡಬಲ್ಲದು. ಅಂದರೆ ತಲೆಮಾರುಗಳ ಅವಧಿಯಲ್ಲಿ ಹತ್ತು ಸೆಂಟಿಮೀಟರ್ ಮಣ್ಣು ಹೋದರೆ 15ರಿಂದ 20 ಮಿ.ಮೀ. ನೀರಿನ ಜಾಗವೇ ಹೋದಂತೆ. ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಒಂದು ಒಳ್ಳೆಯ ಮಳೆಗೆ ಸಮನಾದ ನೀರು ಅದು. ಆಳವಾದ ಎರೆಯಲ್ಲಿ ಈ ನಷ್ಟ ಬೇಗ ಗೊತ್ತಾಗದು. ಗರಸು ಬೇಗ ಸಿಗುವ ತೆಳು ನೆಲದಲ್ಲಿ ಒಂದೆರಡು ತಲೆಮಾರಿನಲ್ಲೇ ಗೊತ್ತಾಗುತ್ತದೆ. ಎರೆಯ ಕಪ್ಪು ಬಣ್ಣ ತಿಳಿಯಾಗಿ ಸುಣ್ಣದ ಹರಳುಗಳು ಮೇಲೆ ಕಾಣಿಸಿಕೊಂಡರೆ, ಮಸಾರಿ ಹೊಲದಲ್ಲಿ ನುರುಜುಗಲ್ಲು ಹೆಚ್ಚಾದಂತೆ ತೋರಿದರೆ, ಕಲ್ಲು ಹೆಚ್ಚಾದದ್ದಲ್ಲ, ಮಣ್ಣು ಕಡಿಮೆಯಾದದ್ದು ಎಂದೇ ತಿಳಿಯಬೇಕು.

ಹನಿಯಿಂದ ಕೊರಕಲಿನವರೆಗೆ

ಸವೆತ ಆರಂಭವಾಗುವುದು ಹರಿಯುವ ನೀರಿನಿಂದಲ್ಲ, ಬೀಳುವ ಹನಿಯಿಂದ. ರಭಸದಿಂದ ಬಡಿಯುವ ಮಳೆಹನಿ ಬರಿನೆಲದ ಹೆಂಟೆಯನ್ನು ಒಡೆದು ನುಣ್ಣನೆಯ ಕಣಗಳನ್ನು ಬಿಡಿಸುತ್ತದೆ. ಆ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿದಾಗ ನೀರು ಇಂಗುವುದು ನಿಂತು ಹರಿಯತೊಡಗುತ್ತದೆ. ಮೊದಲು ತೆಳು ಪದರವಾಗಿ, ನಂತರ ಬೆರಳಗಲದ ಕಿರುಗಾಲುವೆಗಳಾಗಿ, ಕೊನೆಗೆ ಕೊರಕಲಾಗಿ ಮಣ್ಣು ಹೋಗುತ್ತದೆ. ಕೊರಕಲು ಬಿದ್ದಾಗ ರೈತ ಎಚ್ಚೆತ್ತುಕೊಳ್ಳುತ್ತಾನೆ. ಆದರೆ ಸದ್ದಿಲ್ಲದೆ ನಡೆಯುವ ಪದರು ಸವೆತದಲ್ಲಿಯೇ ಅತಿ ಫಲವತ್ತಾದ ಭಾಗ ಹೊರಟುಹೋಗಿರುತ್ತದೆ. ಹಗುರವಾದ ಜೇಡಿಕಣ ಮತ್ತು ಸಾವಯವ ಅಂಶ ಮೊದಲು ತೇಲುತ್ತವೆ, ಮರಳು ಉಳಿಯುತ್ತದೆ.

ಎರೆಹೊಲಗಳ ಇಳಿಜಾರು ಬಹುತೇಕ ಶೇ 1ರಿಂದ 2 ಮಾತ್ರ. ನೋಡಿದರೆ ಸಮತಟ್ಟು. ಆದರೆ ಒದ್ದೆಯಾದ ಎರೆಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಒಳಗಿಳಿಯುವ ವೇಗ ತೀರಾ ಕಡಿಮೆಯಾಗುತ್ತದೆ. ಮೇಲಾಗಿ, ಹಿಂಗಾರಿ ಬೇಸಾಯದ ಪದ್ಧತಿಯಲ್ಲಿ ಮುಂಗಾರಿನ ಉದ್ದಕ್ಕೂ ಹೊಲವನ್ನು ಹರಗಿ ಬರಿದಾಗಿ ಇಡಲಾಗುತ್ತದೆ. 2009ರ ಮಳೆ ಬಂದದ್ದು ಸರಿಯಾಗಿ ಅಂಥ ಹೊತ್ತಿನಲ್ಲಿ. ಬಿತ್ತನೆಗೆ ಹದವಾಗಿದ್ದ ನೆಲದ ಮೇಲೆ ಮಳೆ ನೇರವಾಗಿ ಬಡಿಯಿತು.

ಹಾಗೆಂದು ಎಲ್ಲ ನಷ್ಟಕ್ಕೂ ನೆರೆಯನ್ನೇ ಹೊಣೆ ಮಾಡಲಾಗದು. 1983ರಲ್ಲಿ ವಿಜ್ಞಾನಿಗಳಾದ ಧ್ರುವನಾರಾಯಣ ಹಾಗೂ ರಾಮ್ ಬಾಬು ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 533 ಕೋಟಿ ಟನ್ ಮಣ್ಣು ಸವೆಯುತ್ತದೆ. ಸರಾಸರಿ ಹೆಕ್ಟೇರಿಗೆ 16 ಟನ್ನಿಗೂ ಹೆಚ್ಚು. ಇದರಲ್ಲಿ ಶೇ 29ರಷ್ಟು ಸಮುದ್ರ ಸೇರುತ್ತದೆ, ಶೇ 10ರಷ್ಟು ಜಲಾಶಯಗಳಲ್ಲಿ ಕೂರುತ್ತದೆ, ಉಳಿದದ್ದು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ. ಮಣ್ಣಿನ ಸ್ವರೂಪಕ್ಕೆ ತಕ್ಕಂತೆ ವರ್ಷಕ್ಕೆ ಹೆಕ್ಟೇರಿಗೆ 4.5ರಿಂದ 11.2 ಟನ್ ಸವೆತವನ್ನು ನೆಲ ತಾಳಿಕೊಳ್ಳಬಲ್ಲದು ಎಂಬುದು ತಜ್ಞರು ಬಳಸುವ ಮಿತಿ. ಸರಾಸರಿಯೇ ಈ ಮಿತಿಯನ್ನು ದಾಟಿದೆ. ನೆರೆಯಿಲ್ಲದ ವರ್ಷದಲ್ಲಿಯೂ ಸವೆತ ನಿಲ್ಲುವುದಿಲ್ಲ ಎಂದಷ್ಟೇ ಇದರ ಅರ್ಥ.

ಗೊಬ್ಬರದ ಚೀಲ ಮರೆಮಾಚಿದ್ದು

ಮಣ್ಣು ಹೋಗುತ್ತಿದ್ದರೆ ಇಳುವರಿ ಇಳಿಯಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಇಳಿಯಲಿಲ್ಲ, ಏರಿತು. ಹಸಿರು ಕ್ರಾಂತಿಯ ನಂತರ ಬಂದ ಸುಧಾರಿತ ತಳಿ, ನೀರಾವರಿ ಹಾಗೂ ರಾಸಾಯನಿಕ ಗೊಬ್ಬರಗಳು ಮಣ್ಣಿನ ನಷ್ಟವನ್ನು ಮುಚ್ಚಿದವು. ಸವೆತದಿಂದ ಕಳೆದುಹೋದ ಸಾರಜನಕದ ಜಾಗಕ್ಕೆ ಯೂರಿಯಾ ಬಂತು. ಆದರೆ ಕಳೆದುಹೋದ ಮಣ್ಣಿನ ಆಳ, ಇಂಗಾಲ ಹಾಗೂ ನೀರು ಹಿಡಿಯುವ ಶಕ್ತಿಯನ್ನು ತುಂಬಿಕೊಡುವ ಚೀಲ ಯಾವ ಸೊಸೈಟಿಯಲ್ಲೂ ಸಿಗುವುದಿಲ್ಲ. ಮಣ್ಣಿನ ಫಲವತ್ತತೆ ಮತ್ತು ರಚನೆಯನ್ನು ಕಾಯದೆ ತೀವ್ರ ಬೇಸಾಯ ಮಾಡಿದರೆ ಭೂಮಿ ಕೊನೆಗೆ ಮರುಭೂಮಿಯಾದೀತು ಎಂದು ಎಂ.ಎಸ್. ಸ್ವಾಮಿನಾಥನ್ 1968ರ ಜನವರಿಯಲ್ಲಿಯೇ, ವಾರಾಣಸಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಎಚ್ಚರಿಸಿದ್ದರು. ಹಸಿರು ಕ್ರಾಂತಿಯ ಮುಂಚೂಣಿಯಲ್ಲಿದ್ದವರೇ ಆಡಿದ ಈ ಮಾತು ಆ ಕಾಲದ ಸಂಭ್ರಮದಲ್ಲಿ ಹೆಚ್ಚು ಕೇಳಿಸಲಿಲ್ಲ.

ಗೊಬ್ಬರ ಬಳಕೆಯ ಅಸಮತೋಲನಕ್ಕೆ ಬೆಲೆನೀತಿಯೂ ಕಾರಣ. 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಪರಿಣಾಮವಾಗಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿದರೂ ಯೂರಿಯಾ ಅಗ್ಗವಾಗಿಯೇ ಉಳಿಯಿತು. 4:2:1 ಎಂಬ ಸಾರಜನಕ-ರಂಜಕ-ಪೊಟ್ಯಾಷ್ ಅನುಪಾತ ಪುಸ್ತಕದಲ್ಲಿತ್ತು. ರೈತ ಕೊಂಡದ್ದು ಕೈಗೆಟಕುವ ಚೀಲವನ್ನು. ಇದಕ್ಕೆ ರೈತನನ್ನು ದೂರುವುದು ನ್ಯಾಯವಲ್ಲ.

ಗೊಬ್ಬರಕ್ಕಿಂತಲೂ ದೊಡ್ಡ ಬದಲಾವಣೆ ಕೊಟ್ಟಿಗೆಯಲ್ಲಿ ಆಯಿತು. ಟ್ರ್ಯಾಕ್ಟರ್ ಬಂದಂತೆ ಎತ್ತು ಕಡಿಮೆಯಾದವು, ಎತ್ತಿನೊಂದಿಗೆ ತಿಪ್ಪೆಯೂ ಕರಗಿತು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಲೆಗೋ ಬೆಂಕಿಗೋ ಹೋಗುತ್ತವೆ. ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುವುದೂ ಇದೆ. ಜೋಳ, ಸಜ್ಜೆಯೊಂದಿಗೆ ಕಾಳುಬೆಳೆಗಳನ್ನು ಸೇರಿಸಿ ಬಿತ್ತುತ್ತಿದ್ದ ಅಕ್ಕಡಿ ಸಾಲಿನ ಜಾಗದಲ್ಲಿ ಒಂದೇ ಬೆಳೆ ನಿಂತಿತು. ಹಾವೇರಿ, ದಾವಣಗೆರೆ ಭಾಗದ ಇಳಿಜಾರು ಹೊಲಗಳಲ್ಲಿ ಹಬ್ಬಿದ ಮೆಕ್ಕೆಜೋಳ ಇದಕ್ಕೆ ಉದಾಹರಣೆ. ಸಾಲಿನಿಂದ ಸಾಲಿಗೆ ಅಂತರ ಹೆಚ್ಚಿರುವ ಈ ಬೆಳೆ ಮುಂಗಾರಿನ ಮೊದಲ ವಾರಗಳಲ್ಲಿ ನೆಲವನ್ನು ಮುಚ್ಚುವುದಿಲ್ಲ. ಟ್ರ್ಯಾಕ್ಟರ್ ತಿರುಗಲು ಉದ್ದ ಸಾಲು ಅನುಕೂಲವೆಂದು ಇಳಿಜಾರಿನ ದಿಕ್ಕಿನಲ್ಲೇ ಉಳುಮೆ ಮಾಡಿದರೆ ಪ್ರತಿ ಸಾಲೂ ಒಂದು ಕಾಲುವೆಯಾಗುತ್ತದೆ.

ಹಾಗಾದರೆ ರಾಸಾಯನಿಕ ಗೊಬ್ಬರವನ್ನೇ ಬಿಡಬೇಕೆ? ಬೆಂಗಳೂರಿನ ಜಿಕೆವಿಕೆಯಲ್ಲಿ 1978ರಿಂದ ಕೆಂಪು ಮಣ್ಣಿನ ಮೇಲೆ ನಡೆದುಬಂದಿರುವ ಖುಷ್ಕಿ ರಾಗಿ ಪ್ರಯೋಗ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದೆ. ಕೇವಲ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸಿನ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳಲ್ಲಿ ಇಳುವರಿ ಸ್ಥಿರವಾಗಿ ಉಳಿಯಿತು. ಇನ್ನೊಂದು ತುದಿಯ ಪಾಠ ಶ್ರೀಲಂಕಾದ್ದು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಅಲ್ಲಿ ಒಮ್ಮೆಲೇ ನಿಷೇಧಿಸಲಾಯಿತು. ಭತ್ತದ ಇಳುವರಿ ಕುಸಿದು ಅದೇ ವರ್ಷದ ನವೆಂಬರ್‌ನಲ್ಲಿ ಆದೇಶವನ್ನು ಹಿಂಪಡೆಯಬೇಕಾಯಿತು. ಹತ್ತು ಟನ್ ಕೊಟ್ಟಿಗೆ ಗೊಬ್ಬರವನ್ನು ತರುವುದೆಲ್ಲಿಂದ ಎಂಬುದೇ ಇಂದಿನ ನಿಜವಾದ ತೊಡಕು. ಸೆಣಬು, ಡಯಂಚ ಬಿತ್ತಿ ಹೂವಾಡುವ ಹೊತ್ತಿಗೆ ಮಗುಚುವುದು, ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ ಬೆಳೆಸಿ ಸೊಪ್ಪು ಹಾಕುವುದು ಭಾಗಶಃ ಪರಿಹಾರ ಮಾತ್ರ.

ನೀರು ಬಂದ ಹೊಲದ ಇನ್ನೊಂದು ಕಥೆ

ಮಣ್ಣು ಹಾಳಾಗಲು ಅದು ಕೊಚ್ಚಿಯೇ ಹೋಗಬೇಕೆಂದಿಲ್ಲ. ತುಂಗಭದ್ರಾ ಅಚ್ಚುಕಟ್ಟನ್ನು ರೂಪಿಸಿದಾಗ ಕಾಲುವೆ ನೀರನ್ನು ಬಹುಮಟ್ಟಿಗೆ ಕಡಿಮೆ ನೀರು ಬೇಡುವ ಬೆಳೆಗಳಿಗೆ ಹಂಚುವ ಉದ್ದೇಶವಿತ್ತು. ಕಾಲುವೆಯ ಮೇಲ್ಭಾಗದ ಹೊಲಗಳಲ್ಲಿ ಭತ್ತ ಬಂತು. ಇಂಗದ ಎರೆಮಣ್ಣಿನಲ್ಲಿ ನೀರು ನಿಂತು, ಅಂತರ್ಜಲ ಮೇಲೇರಿ, ಲವಣ ಮೇಲ್ಪದರಕ್ಕೆ ಬಂದು ಕೂತಿತು. ಹೀಗೆ ಸವಳು-ಜವಳಾದ ನೆಲ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಹತ್ತಾರು ಸಾವಿರ ಹೆಕ್ಟೇರಿನಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಸಿಗಾಲುವೆ ಹಾಗೂ ನೆಲದಡಿಯ ಕೊಳವೆಗಳಿಂದ ಉಪ್ಪನ್ನು ತೊಳೆಯುವ ವಿಧಾನಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ವಿಧಾನ ಫಲಕಾರಿ, ಖರ್ಚು ಹೆಚ್ಚು. ಬಸಿದ ನೀರು ಕೆಳಗಿನವರ ಹೊಲ ದಾಟಿಯೇ ಹೋಗಬೇಕಾದ್ದರಿಂದ ಒಬ್ಬನೇ ರೈತ ಮಾಡಿಕೊಳ್ಳುವ ಕೆಲಸವೂ ಅಲ್ಲ.

ಒಡ್ಡು: ಹಾಕಿದ್ದು, ಒಡೆದದ್ದು

ಮಣ್ಣು ಉಳಿಸುವ ಸರ್ಕಾರಿ ಪ್ರಯತ್ನಕ್ಕೆ ಈ ಭಾಗದಲ್ಲಿ ದೀರ್ಘ ಇತಿಹಾಸವಿದೆ. 1930ರ ದಶಕದಲ್ಲಿ ದೇಶದಲ್ಲಿ ಸ್ಥಾಪನೆಯಾದ ಐದು ಒಣಬೇಸಾಯ ಸಂಶೋಧನಾ ಕೇಂದ್ರಗಳ ಪೈಕಿ ಮೂರು ಇಂದಿನ ಕರ್ನಾಟಕದಲ್ಲಿದ್ದವು: ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಬಳಿಯ ಹಗರಿ. ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರ 1954ರಲ್ಲಿ ಆರಂಭವಾಯಿತು. ಮುಂಬೈ ಪ್ರಾಂತ್ಯದ 1942ರ ಭೂಸುಧಾರಣಾ ಯೋಜನೆಗಳ ಕಾಯ್ದೆಯಡಿ ವಿಜಯಪುರ, ಧಾರವಾಡ, ಬೆಳಗಾವಿ ಭಾಗದಲ್ಲಿ ಸಮಪಾತಳಿ ಒಡ್ಡುಗಳನ್ನು ವ್ಯಾಪಕವಾಗಿ ಹಾಕಲಾಯಿತು.

ಮಸಾರಿ ನೆಲದಲ್ಲಿ ಈ ಒಡ್ಡುಗಳು ಕೆಲಸ ಮಾಡಿದವು. ಆಳವಾದ ಎರೆಯಲ್ಲಿ ಅವೇ ತೊಂದರೆಯಾದವು. ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿಯಾಯಿತು. ಬೇಸಿಗೆಯಲ್ಲಿ ಎರೆಮಣ್ಣಿನ ಒಡ್ಡು ಬಾಯಿಬಿಟ್ಟು, ಮೊದಲ ದೊಡ್ಡ ಮಳೆಗೆ ಆ ಬಿರುಕಿನಲ್ಲೇ ನೀರು ನುಗ್ಗಿ ಒಡೆಯಿತು. ಒಡೆದ ಒಡ್ಡಿನಿಂದ ಒಟ್ಟಿಗೆ ನುಗ್ಗುವ ನೀರು ಒಡ್ಡೇ ಇಲ್ಲದಿದ್ದಾಗ ಮಾಡುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಬೆಳೆ ಉಳಿಸಿಕೊಳ್ಳಲು ರೈತರೇ ಒಡ್ಡು ಕಡಿದು ನೀರು ಬಿಟ್ಟರು. ಆ ನೀರು ಪಕ್ಕದ ಹೊಲಕ್ಕೆ ಹೋಗಿ ಜಗಳವಾಯಿತು. ಎರೆನೆಲಕ್ಕೆ ಸಮಪಾತಳಿ ಒಡ್ಡು ಬೇಡ, ಸ್ವಲ್ಪ ಇಳುಕಲು ಕೊಟ್ಟು ಹೆಚ್ಚುವರಿ ನೀರನ್ನು ಹುಲ್ಲು ಬೆಳೆಸಿದ ಹರಿಗಾಲುವೆಗೆ ನಿಧಾನವಾಗಿ ಬಿಡುವ ಒಡ್ಡು ಸೂಕ್ತ ಎಂಬ ಶಿಫಾರಸು ಈ ಅನುಭವದಿಂದ ಬಂತು. ಮಣ್ಣಿನ ಜಾತಿ ನೋಡದೆ ತಾಲ್ಲೂಕಿಗೆಲ್ಲ ಒಂದೇ ನಕ್ಷೆ ಅನ್ವಯಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ವಿಜಯಪುರ ಭಾಗದ ಹಿಂಗಾರಿ ಹೊಲಗಳಿಗೆ ಕೃಷಿ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿರುವುದು ಚೌಕುಮಡಿ. ಮುಂಗಾರಿನ ನಡುವೆ ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ವಿಂಗಡಿಸಿದರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ. ಎತ್ತಿನಿಂದ ಎಳೆಯುವ ಸರಳ ಸಾಧನ ಸಾಕು. ಸಿಮೆಂಟ್ ಬೇಡ, ಟೆಂಡರ್ ಬೇಡ. ಬಹುಶಃ ಆ ಕಾರಣಕ್ಕೇ ಇದಕ್ಕೆ ಪ್ರಚಾರವೂ ಕಡಿಮೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ಎರೆಮಣ್ಣಿನಲ್ಲಿ ನಡೆಸಿದ ಪ್ರಯೋಗದಲ್ಲಿ ಅಗಲ ಮಡಿ-ಕಾಲುವೆ ಪದ್ಧತಿ, ಮುಂಗಾರಿನಲ್ಲೂ ಬೆಳೆ ಹಾಗೂ ಸಮತೋಲಿತ ಪೋಷಕಾಂಶಗಳಿಂದ ಸರಾಸರಿ ಇಳುವರಿ ಹೆಕ್ಟೇರಿಗೆ 1.1 ಟನ್‌ನಿಂದ 5.1 ಟನ್‌ಗೆ ಏರಿತು. ಮಣ್ಣಿನ ಸವೆತ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಆದರೆ ಅಲ್ಲಿಯ ಮಳೆ ವಿಜಯಪುರದ ಮಳೆಗಿಂತ ಹೆಚ್ಚು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ, ಅದರಲ್ಲೂ ಸೆಪ್ಟೆಂಬರ್ ಮಳೆಯನ್ನೇ ನೆಚ್ಚಿಕೊಂಡ ಜಿಲ್ಲೆಯಲ್ಲಿ ಮುಂಗಾರಿ ಬೆಳೆ ಕೈಕೊಡುವ ಸಾಧ್ಯತೆ ದೊಡ್ಡದು. ರೈತ ಹೊಲ ಬರಿದಿಡುವುದು ಸೋಮಾರಿತನದಿಂದಲ್ಲ.

ಹಳೆ ಮೈಸೂರು ಭಾಗದ ಗುಂಡ್ಲುಪೇಟೆ ಸುತ್ತಮುತ್ತಲ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ಬೆಳೆಸುತ್ತಿದ್ದರು. ಆಳಕ್ಕಿಳಿಯುವ ಬೇರು, ದನ ಅಷ್ಟಾಗಿ ಮುಟ್ಟದ ಒರಟು ಎಲೆ. ಸಾಲಾಗಿ ನಾಟಿ ಮಾಡಿದರೆ ನೀರು ಸೋಸಿ ಹೋಗುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚದ ಬೇಲಿಯನ್ನು ಜಗತ್ತಿನ ಹಲವು ದೇಶಗಳಲ್ಲಿ ಪ್ರಚಾರ ಮಾಡಿದರು.

ಇವೆಲ್ಲಕ್ಕೂ ಅಡ್ಡಿಯಾಗಿರುವುದು ತಂತ್ರಜ್ಞಾನದ ಕೊರತೆಯಲ್ಲ. ವರ್ಷದ ಲೆಕ್ಕಕ್ಕೆ ಲಾವಣಿ ಹಿಡಿದವನು ಇಪ್ಪತ್ತು ವರ್ಷದ ಫಲಕ್ಕಾಗಿ ಬದು ಹಾಕಲಾರ. ಎರಡೆಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡಾಗ ಬದುವಿಗೆ ಬಿಡುವ ಜಾಗವೂ ದುಬಾರಿಯೆನಿಸುತ್ತದೆ.

ಅಣೆಕಟ್ಟಿನ ಹೊಟ್ಟೆಯಲ್ಲಿ

ಹೋದ ಮಣ್ಣು ಎಲ್ಲಿಗೆ ಹೋಯಿತೆಂಬುದಕ್ಕೆ ತುಂಗಭದ್ರಾ ಜಲಾಶಯ ಸಾಕ್ಷಿ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಂಗ್ರಹ ಸಾಮರ್ಥ್ಯ 2016ರ ಸಮೀಕ್ಷೆಯಲ್ಲಿ 105.79 ಟಿಎಂಸಿ ಅಡಿಗೆ ಇಳಿದಿತ್ತು. ಹೂಳಿನಲ್ಲಿ ಗಣಿ, ರಸ್ತೆ, ನದಿದಂಡೆಗಳ ಪಾಲೂ ಇದೆ, ಎಲ್ಲವೂ ಹೊಲದ್ದಲ್ಲ. ಆದರೆ ಮೇಲಿನ ಜಿಲ್ಲೆಗಳ ಹೊಲಗಳಿಂದ ಹೋದ ಮಣ್ಣು ಕೆಳಗಿನ ಜಿಲ್ಲೆಗಳ ನೀರಿನ ಜಾಗವನ್ನು ಕಸಿದುಕೊಂಡಿದೆ ಎಂಬುದು ಸತ್ಯ. ಈ ಕೊರತೆ ತುಂಬಲೆಂದೇ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯದ ಪ್ರಸ್ತಾವ ಬಂತು.

ಕೆರೆಯ ಹೂಳಿನ ವಿಷಯ ಹಾಗಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುವ ರೂಢಿ ರಾಜ್ಯದ ಒಣಜಿಲ್ಲೆಗಳಲ್ಲಿ ಹಳೆಯದು. ಮಸಾರಿ ನೆಲಕ್ಕೆ ಜೇಡಿಯುಳ್ಳ ಈ ಮಣ್ಣು ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಲವಣ ಹಾಗೂ ಊರ ಚರಂಡಿಯ ಕಲ್ಮಶ ಇಲ್ಲವೆಂದು ಪರೀಕ್ಷಿಸಿ ಹಾಕುವುದು ಲೇಸು. ಸಾಗಾಣಿಕೆ ದೂರವಾದಷ್ಟೂ ಲೆಕ್ಕ ತಪ್ಪುತ್ತದೆ.

ಕಾರ್ಡಿನಲ್ಲಿ ಇಲ್ಲದ ಕಾಲಂ

2009ರಲ್ಲಿ ರಾಜ್ಯ ಕೃಷಿ ಇಲಾಖೆ ಇಕ್ರಿಸ್ಯಾಟ್ ಜೊತೆಗೂಡಿ ಆರಂಭಿಸಿದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳು ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕ ಎಂಬುದನ್ನು ಮೊದಲ ಬಾರಿ ರೈತರ ಮುಂದಿಟ್ಟವು. 2015ರ ಫೆಬ್ರುವರಿಯಲ್ಲಿ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಬಂತು. ಕಾರ್ಡಿನಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ ಸೇರಿ 12 ಅಂಶಗಳಿವೆ. ಆದರೆ ಮಣ್ಣಿನ ಆಳ ಎಷ್ಟು, ಇಳಿಜಾರು ಎಷ್ಟು, ಸವೆತ ಯಾವ ಹಂತದಲ್ಲಿದೆ ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ನಿಯಮವಿದ್ದುದರಿಂದ, ಕೈಗೆ ಬಂದ ಕಾರ್ಡಿನ ಮಣ್ಣು ನೆರೆಯವರ ಹೊಲದ್ದೂ ಆಗಿರಬಹುದಿತ್ತು.

ನೆರೆ ಪರಿಹಾರದ ನಿಯಮಗಳಲ್ಲಿಯೂ ಇದೇ ಕೊರತೆ. ಹೊಲದ ಮೇಲೆ ಮೂರಿಂಚಿಗಿಂತ ಹೆಚ್ಚು ಹೂಳು ಕೂತರೆ ತೆಗೆಯಲು ನೆರವಿದೆ. ಭೂಕುಸಿತದಿಂದ ಅಥವಾ ನದಿ ದಿಕ್ಕು ಬದಲಿಸಿದ್ದರಿಂದ ಜಮೀನೇ ಹೋದರೆ ಸಣ್ಣ ಹಿಡುವಳಿದಾರರಿಗೆ ನೆರವಿದೆ. ಮಣ್ಣು ಬಂದು ಬಿದ್ದವನಿಗೆ ಪರಿಹಾರ ಉಂಟು. ಯಾರ ಹೊಲದಿಂದ ಪದರವಾಗಿ ಹೋಯಿತೋ ಅವನಿಗೆ ಇಲ್ಲ. ಎಷ್ಟಿತ್ತೆಂಬ ದಾಖಲೆಯೇ ಇಲ್ಲದಿದ್ದ ಮೇಲೆ ಎಷ್ಟು ಹೋಯಿತೆಂದು ಸಾಬೀತುಪಡಿಸುವುದಾದರೂ ಹೇಗೆ?

ಆ ದಾಖಲೆ ಕೆಲವು ಕಡೆಯಾದರೂ ಈಗ ಸಿದ್ಧವಾಗಿದೆ. ವಿಶ್ವಬ್ಯಾಂಕ್ ನೆರವಿನ ಮೂರನೇ ಹಂತದ ‘ಸುಜಲ’ ಯೋಜನೆಯಡಿ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆದು, ಸರ್ವೆ ನಂಬರುವಾರು ಮಣ್ಣಿನ ಆಳ, ಇಳಿಜಾರು, ಸವೆತದ ಮಟ್ಟ ಹಾಗೂ ಸೂಕ್ತ ಬೆಳೆಗಳನ್ನು ನಕ್ಷೆಗಿಳಿಸಲಾಯಿತು. ನಂತರ ಬಂದ ‘ರಿವಾರ್ಡ್’ ಯೋಜನೆಯಲ್ಲಿ ಈ ಕೆಲಸ ಮುಂದುವರಿದಿದೆ. ತಮ್ಮ ಗ್ರಾಮ ಈ ವ್ಯಾಪ್ತಿಗೆ ಬಂದಿದೆಯೇ ಎಂಬುದನ್ನು ರೈತರು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಜಲಾನಯನ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಸರ್ವೆ ನಂಬರ್ ಹೇಳಿ ವಿಚಾರಿಸಬಹುದು. ಬಂದಿಲ್ಲದಿದ್ದರೆ ಬೇಸಿಗೆಯಲ್ಲಿ ಹೊಲದ ಮೇಲ್ಭಾಗ, ನಡುವೆ ಮತ್ತು ತಗ್ಗಿನಲ್ಲಿ ಒಂದೊಂದು ಗುಂಡಿ ತೋಡಿ, ಗರಸು ಸಿಗುವವರೆಗಿನ ಆಳವನ್ನು ಅಳೆದು ದಿನಾಂಕ ಸಹಿತ ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಗುದ್ದಲಿ ಮತ್ತು ಅಳತೆಪಟ್ಟಿ.